ಸೊಪ್ಪು ಸೊಂಪು, ಬುಡ ಬರಿದು: ಆಲೂಗೆಡ್ಡೆ ಕಟ್ಟದ ದೋಷವನ್ನು ಪತ್ತೆಹಚ್ಚುವ ಕ್ರಮ

ಕೊಡಗಿನ ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆ ಕಡೆಯ ಹೊಲಗಳಲ್ಲಿ ಮುಂಗಾರಿಗೆ ಮುಂಚಿನ ಹದಮಳೆಗೆ ಆಲೂಗೆಡ್ಡೆ ಊರಿದವರು ಜುಲೈ ಹೊತ್ತಿಗೆ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ. ಗಿಡ ಮೊಣಕಾಲು ದಾಟಿ ಬೆಳೆದಿದೆ, ಬುಡ ಬಗೆದರೆ ಗೆಡ್ಡೆಯಿಲ್ಲ, ಯಾವ ಹಾರ್ಮೋನು ಹೊಡೆಯಬೇಕು? ಈ ಪ್ರಶ್ನೆಯ ಕೊನೆಯ ಭಾಗವೇ ತಪ್ಪು ದಾರಿಗೆ ಎಳೆಯುತ್ತದೆ ಎಂಬುದು ನನ್ನ ಅನುಭವ. ಗೆಡ್ಡೆ ಕಟ್ಟಲು ಬೇಕಾದ ಹಾರ್ಮೋನುಗಳೆಲ್ಲವನ್ನೂ ಗಿಡವೇ ತಯಾರಿಸಿಕೊಳ್ಳುತ್ತದೆ. ಅವುಗಳ ಸಮತೋಲ ಕೆಟ್ಟಿದ್ದರೆ ಕೆಡಿಸಿದ್ದು ಶಾಖ, ನೆರಳು, ಯೂರಿಯಾ, ಬಿತ್ತನೆ ಗೆಡ್ಡೆಯ ವಯಸ್ಸು, ಇಲ್ಲವೇ ನಾವೇ ಸಿಂಪಡಿಸಿದ ಯಾವುದೋ ದ್ರಾವಣ. ಆದ್ದರಿಂದ ಈ ಬರಹ ಕಣ್ಣಿಗೆ ಕಾಣುವ ಲಕ್ಷಣದಿಂದ ಹೊರಟು, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿ, ಅನಂತರ ಕಷ್ಟದವುಗಳಿಗೆ ಹೋಗುತ್ತದೆ.

ಮಣ್ಣಿನೊಳಗೆ ನಡೆಯುವುದೇನು

ಆಲೂಗೆಡ್ಡೆ ಬೇರಲ್ಲ, ಕಾಂಡ. ಮಣ್ಣಿನಡಿಯ ಕಾಂಡದ ಗೆಣ್ಣುಗಳಿಂದ ಸ್ಟೋಲನ್ ಎಂಬ ಬಿಳಿಯ ಕುಡಿಗಳು ಅಡ್ಡಲಾಗಿ ಹೊರಡುತ್ತವೆ. ಅವುಗಳ ತುದಿಯಲ್ಲಿ ಜಿಬ್ಬರೆಲಿನ್ ಎಂಬ ಹಾರ್ಮೋನು ಹೆಚ್ಚಿರುವವರೆಗೂ ಕುಡಿ ಉದ್ದವಾಗುತ್ತಲೇ ಹೋಗುತ್ತದೆ. ಹವೆ ಅನುಕೂಲವಾದಾಗ ಎಲೆಗಳಲ್ಲಿ ಎಸ್‌ಪಿ6ಎ ಎಂಬ ಪ್ರೋಟೀನು ತಯಾರಾಗಿ, ಸಕ್ಕರೆ ಸಾಗುವ ನಾಳಗಳ ಮೂಲಕವೇ ಕೆಳಗಿಳಿದು ಕುಡಿಯ ತುದಿಗೆ ಸುದ್ದಿ ಮುಟ್ಟಿಸುತ್ತದೆ. ಗಿಡಗಳಲ್ಲಿ ಹೂ ಬಿಡಿಸುವ ಪ್ರೋಟೀನಿನ ದಾಯಾದಿಯಾದ ಇದರ ಪಾತ್ರ 2011ರಲ್ಲಿ ಸ್ಪಷ್ಟವಾಯಿತು. ಸುದ್ದಿ ಮುಟ್ಟಿದ ಮೇಲೆ ತುದಿಯಲ್ಲಿರುವ ಜಿಬ್ಬರೆಲಿನ್ ಕರಗಿ ಇಳಿಯುತ್ತದೆ, ಉದ್ದಬೆಳವಣಿಗೆ ನಿಲ್ಲುತ್ತದೆ, ತುದಿಯ ಹಿಂಭಾಗ ಉಬ್ಬುತ್ತದೆ. ಸೈಟೊಕೈನಿನ್ ಎಂಬ ಹಾರ್ಮೋನು ಅಲ್ಲಿ ಕೋಶವಿಭಜನೆಯನ್ನು ಹೆಚ್ಚಿಸಿದರೆ, ಅಬ್ಸಿಸಿಕ್ ಆಮ್ಲವೆಂಬ ಇನ್ನೊಂದು ಹಾರ್ಮೋನು ಜಿಬ್ಬರೆಲಿನ್ನಿಗೆ ಎದುರಾಳಿಯಾಗಿ ನಿಲ್ಲುತ್ತದೆ. ಎಲೆಯಲ್ಲಿ ಹುಟ್ಟುವ ಟ್ಯೂಬರೋನಿಕ್ ಆಮ್ಲದಂಥ ಇನ್ನೂ ಕೆಲವು ವಸ್ತುಗಳು ಈ ಕೆಲಸದಲ್ಲಿ ಕೈಜೋಡಿಸುತ್ತವೆಯಾದರೂ ಹೊಲದಲ್ಲಿ ದೋಷ ಹುಡುಕುವವನಿಗೆ ಜಿಬ್ಬರೆಲಿನ್ನಿನ ಏರಿಳಿತವನ್ನು ಬಲ್ಲರೆ ಮುಕ್ಕಾಲು ಪಾಲು ಕೆಲಸವಾದಂತೆ.

ಜಿಬ್ಬರೆಲಿನ್ನಿನ ಪರಿಚಯ ನಮ್ಮ ಗದ್ದೆಯವರಿಗೂ ಉಂಟು, ಹೆಸರು ಮಾತ್ರ ಗೊತ್ತಿರುವುದಿಲ್ಲ. ಭತ್ತದ ಸಸಿಮಡಿಯಲ್ಲಿ ಒಂದೆರಡು ಸಸಿ ಮಾತ್ರ ಬಿಳಚಿಕೊಂಡು, ತೆಳ್ಳಗೆ, ಉಳಿದವನ್ನು ಮೀರಿ ಎತ್ತರಕ್ಕೆ ಹೋಗಿ ಕೊನೆಗೆ ಸಾಯುವುದನ್ನು ಕಂಡಿರಬಹುದು. ಆ ರೋಗದ ಶಿಲೀಂಧ್ರ ಸ್ರವಿಸುವ ವಸ್ತುವೇ ಸಸಿಯನ್ನು ಹಾಗೆ ಎಳೆಯುತ್ತದೆ ಎಂದು ಜಪಾನಿನ ಕುರೊಸಾವ 1926ರಲ್ಲಿ ತೋರಿಸಿದರು. 1935ರಲ್ಲಿ ಯಾಬುತ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು.

ಎಲ್ಲಕ್ಕೂ ಮೊದಲು: ಒಂದು ಗಿಡದ ಬುಡ

ಊರಿದ 35ರಿಂದ 45 ದಿನಗಳ ನಡುವೆ, ಹೊಲದ ಮಧ್ಯದಲ್ಲೊಂದು ಮತ್ತು ಅಂಚಿನಲ್ಲೊಂದು ಗಿಡವನ್ನು ಆರಿಸಿಕೊಳ್ಳಬೇಕು. ಗುದ್ದಲಿ ಬೇಡ. ಬೋದಿನ ಒಂದು ಮಗ್ಗುಲಿನಿಂದ ಬೆರಳುಗಳಲ್ಲಿ ಮಣ್ಣನ್ನು ಬಿಡಿಸುತ್ತ ಹೋದರೆ, ಕಂದುಬಣ್ಣದ ತೆಳುಬೇರುಗಳ ನಡುವೆ ನೂಲೆಳೆಗಿಂತ ದಪ್ಪನೆಯ, ಹೊಳೆಯುವ ಬಿಳಿ ಕುಡಿಗಳು ಕೈಗೆ ತಗಲುತ್ತವೆ. ಅವುಗಳ ತುದಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಬೆಳೆಯುತ್ತಿರುವ ಕುಡಿಯ ತುದಿ ಸಣ್ಣ ಕೊಕ್ಕೆಯಂತೆ ಬಾಗಿರುತ್ತದೆ. ಕೊಕ್ಕೆಯ ಹಿಂದೆಯೇ ಕಾಳುಮೆಣಸಿನಷ್ಟು ಉಬ್ಬು ಕಂಡರೆ ಗೆಡ್ಡೆ ಹಿಡಿದಿದೆ, ಕಾಯಬೇಕಷ್ಟೆ. ಕೊಕ್ಕೆ ಹಾಗೆಯೇ ಇದ್ದು, ಕುಡಿ ಒಂದು ಗೇಣಿಗೂ ಮೀರಿ ಉದ್ದವಾಗಿ, ಎಲ್ಲಿಯೂ ಉಬ್ಬಿಲ್ಲದಿದ್ದರೆ ಜಿಬ್ಬರೆಲಿನ್ ಇನ್ನೂ ಇಳಿದಿಲ್ಲವೆಂದು ತಿಳಿಯಬೇಕು. ಕುಡಿಗಳೇ ಇಲ್ಲದಿದ್ದರೆ, ಅಥವಾ ಕಂದಾಗಿ ತುಂಡಾಗಿದ್ದರೆ, ದೋಷ ಬೇರೆಯದು. ಅದು ರೋಗ, ಕೀಟ ಅಥವಾ ನೀರು ನಿಂತದ್ದರ ಫಲ. ನೋಡಿದ ಮೇಲೆ ಮಣ್ಣನ್ನು ಮುಚ್ಚಿದರೆ ಗಿಡಕ್ಕೆ ಹೆಚ್ಚಿನ ಹಾನಿಯಿಲ್ಲ.

ಹೂ ಬಂದಿಲ್ಲ, ಆದ್ದರಿಂದ ಗೆಡ್ಡೆ ಬರುವುದಿಲ್ಲ ಎಂಬ ಮಾತನ್ನು ಇಲ್ಲಿಯೇ ಬದಿಗಿಡಬಹುದು. ಹೂವೇ ಬಿಡದ ಗಿಡದಡಿಯಲ್ಲಿ ಒಳ್ಳೆಯ ಗೆಡ್ಡೆ ಸಿಗುವುದು ಸಾಮಾನ್ಯ.

ಲಕ್ಷಣ: ಎಲೆ ಕಡುಹಸಿರು, ಗಿಡ ಎತ್ತರ, ಕುಡಿ ಉದ್ದ, ಗೆಡ್ಡೆ ಇಲ್ಲ

ಹೆಚ್ಚಿನ ದೂರುಗಳು ಈ ಗುಂಪಿನವು. ಮೊದಲು ಗೊಬ್ಬರದ ಲೆಕ್ಕವನ್ನು ನೆನಪಿಸಿಕೊಳ್ಳಬೇಕು, ಅದಕ್ಕೆ ಕಾಸಿನ ಖರ್ಚಿಲ್ಲ. ಹಿಂದಿನ ಬೆಳೆ ಶುಂಠಿಯಾಗಿದ್ದು ಅದಕ್ಕೆ ಧಾರಾಳವಾಗಿ ಗೊಬ್ಬರ ಬಿದ್ದಿತ್ತೇ, ಕೊಟ್ಟಿಗೆ ಗೊಬ್ಬರದ ಜೊತೆಗೆ ಕೋಳಿಗೊಬ್ಬರವೂ ಸೇರಿತೇ, ಮಣ್ಣು ಏರಿಸಿದ ಮೇಲೂ ಯೂರಿಯಾ ಎರಚಲಾಯಿತೇ ಎಂದು ಕೇಳಿಕೊಳ್ಳಬೇಕು. ಮಣ್ಣಿಲ್ಲದೆ ಪೋಷಕ ದ್ರಾವಣದಲ್ಲಿ ಬೆಳೆಸಿದ ಆಲೂಗೆಡ್ಡೆ ಗಿಡಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಸಾರಜನಕದ ಒಂದು ರೂಪವಾದ ನೈಟ್ರೇಟನ್ನು ಎಡೆಬಿಡದೆ ಕೊಟ್ಟಾಗ ಗೆಡ್ಡೆ ಕಟ್ಟಲಿಲ್ಲ. ಕೆಲವು ದಿನ ನಿಲ್ಲಿಸಿದಾಗ ಕಟ್ಟಿತು. ಸಾರಜನಕ ಹೆಚ್ಚಿದಾಗ ಗಿಡದೊಳಗೆ ಜಿಬ್ಬರೆಲಿನ್ ಏರುತ್ತದೆ, ಅಬ್ಸಿಸಿಕ್ ಆಮ್ಲ ಇಳಿಯುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಹೊಸ ಚಿಗುರಿಗೇ ವೆಚ್ಚವಾಗುತ್ತದೆ. ಪರಿಹಾರವೂ ಅಷ್ಟೇ ಸರಳ: ಯೂರಿಯಾವನ್ನು ಪೂರ್ತಿ ನಿಲ್ಲಿಸಿ ಹತ್ತು ಹನ್ನೆರಡು ದಿನಗಳ ಬಳಿಕ ಇನ್ನೊಂದು ಬುಡ ನೋಡಬೇಕು. ಎಲೆಯ ಕಪ್ಪು ಹಸಿರು ಸ್ವಲ್ಪ ತಿಳಿಯಾದಂತೆ ಕಂಡರೆ ಗಾಬರಿಯಾಗಿ ಮತ್ತೆ ಗೊಬ್ಬರ ಸುರಿಯಬಾರದು. ಬೇಕಾಗಿದ್ದುದೇ ಆ ಬದಲಾವಣೆ.

ಗೊಬ್ಬರ ಕಾರಣವಲ್ಲವೆಂದಾದರೆ ರಾತ್ರಿಯ ಶಾಖವನ್ನು ನೋಡಬೇಕು. ಗೆಡ್ಡೆ ಕಟ್ಟಲು 15ರಿಂದ 20 ಡಿಗ್ರಿ ಸೆಲ್ಸಿಯಸ್ ಹಿತವಾದದ್ದು. ರಾತ್ರಿಯ ಉಷ್ಣತೆ 20 ಡಿಗ್ರಿಯನ್ನು ಮೀರಿ ಏರಿದಂತೆಲ್ಲ ಎಲೆಯಲ್ಲಿ ಎಸ್‌ಪಿ6ಎ ತಯಾರಿಕೆ ಕುಗ್ಗುತ್ತದೆ, ಜಿಬ್ಬರೆಲಿನ್ ಹೆಚ್ಚುತ್ತದೆ. 30 ಡಿಗ್ರಿಯ ಆಸುಪಾಸಿನಲ್ಲಿ ಗೆಡ್ಡೆ ಕಟ್ಟುವುದು ನಿಂತೇಹೋಗುತ್ತದೆ. ಹಗಲಿನ ಬಿಸಿಲಿಗಿಂತ ಇರುಳಿನ ಸೆಕೆ ಇಲ್ಲಿ ಹೆಚ್ಚು ಕೆಟ್ಟದ್ದು. ಕನಿಷ್ಠ, ಗರಿಷ್ಠ ಎರಡನ್ನೂ ದಾಖಲಿಸುವ ಸಾಮಾನ್ಯ ಥರ್ಮಾಮೀಟರನ್ನು ಗಿಡದೆತ್ತರದಲ್ಲಿ ನೆರಳಿಗೆ ಕಟ್ಟಿ, ಒಂದು ವಾರ ಬೆಳಗ್ಗೆ ಬರೆದಿಟ್ಟುಕೊಂಡರೆ ಸಾಕು. ಕುಶಾಲನಗರದ ಕಡೆಯ ಬಯಲಿನಲ್ಲಿ ಬೇಸಿಗೆಗೆ ನೀರು ಹಾಯಿಸಿ ಬೆಳೆದವರಿಗೆ ಈ ತೊಂದರೆ ಬರುವ ಸಾಧ್ಯತೆ ಹೆಚ್ಚು. ಮುಂಗಾರು ಹಿಡಿದ ಮೇಲೆ ಸೋಮವಾರಪೇಟೆಯ ಎತ್ತರದಲ್ಲಿ ಇರುಳು ತಂಪಾಗುವುದರಿಂದ ಅಲ್ಲಿ ಶಾಖವನ್ನು ದೂರುವ ಮುನ್ನ ಇನ್ನೊಮ್ಮೆ ಯೋಚಿಸಬೇಕು. ಬೇಸಿಗೆ ಬೆಳೆಯಾದರೆ ಸಾಲಿನ ಮೇಲೆ ತೆಳುವಾಗಿ ಭತ್ತದ ಹುಲ್ಲು ಹೊದಿಸಿ ಮಣ್ಣನ್ನು ತಂಪಾಗಿಡಬಹುದು, ಮಳೆ ಹಿಡಿದೊಡನೆ ಅದನ್ನು ತೆಗೆಯಬೇಕು.

ಮೂರನೆಯದು ನೆರಳು. ಕೊಡಗಿನಲ್ಲಿ ಇದನ್ನು ಮರೆಯುವವರೇ ಹೆಚ್ಚು, ಏಕೆಂದರೆ ನೆರಳು ನಮಗೆ ಕಾಫಿಯ ಜೊತೆಗೆ ಬಂದ ಅಭ್ಯಾಸ. ಬೇಲಿಯುದ್ದಕ್ಕೂ ನಿಂತ ಸಿಲ್ವರ್ ಓಕಿನ ಸಾಲಿನಿಂದ ಹೊಲದ ನಡುವಿನತ್ತ ನಡೆದು, ಪ್ರತಿ ಐದನೆಯ ಸಾಲಿನಲ್ಲಿ ಒಂದು ಗಿಡ ಬಗೆದು ನೋಡಿದರೆ ವಿಷಯ ತಾನಾಗಿ ತಿಳಿಯುತ್ತದೆ. ಮರದ ಬಳಿ ಗಿಡ ಎತ್ತರ, ಗೆಣ್ಣುಗಳ ನಡುವಿನ ಅಂತರ ಹೆಚ್ಚು, ಗೆಡ್ಡೆ ಕಡಿಮೆ. ನಡುವಿಗೆ ಹೋದಂತೆ ಗಿಡ ಗಿಡ್ಡ, ಗೆಡ್ಡೆ ಹೆಚ್ಚು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ವ್ಯತ್ಯಾಸ ಕಂಡರೆ ಬೆಳಕಿನ ಕೊರತೆಯೇ ಕಾರಣ. ಮಂದ ಬೆಳಕೂ ಜಿಬ್ಬರೆಲಿನ್ನನ್ನು ಏರಿಸುತ್ತದೆ. ಕೊಂಬೆ ಸವರುವುದು ಮುಂದಿನ ಬೆಳೆಗೆ ಉಪಯೋಗ. ವಾರಗಟ್ಟಲೆ ಮೋಡ ಮುಸುಕಿದ ಹವೆಗೆ ಮಾತ್ರ ಮದ್ದಿಲ್ಲ, ತಾಳ್ಮೆಯೊಂದೇ.

ಇನ್ನು ಹಗಲಿನ ಉದ್ದದ ಮಾತು. ಹಗಲು ಚಿಕ್ಕದಾಗದೆ ಗೆಡ್ಡೆ ಕಟ್ಟದು ಎಂದು ಓದಿ ಚಿಂತಿಸುವವರಿದ್ದಾರೆ. ಆಂಡಿಸ್ ಪರ್ವತಗಳ ಮೂಲ ತಳಿಗಳಿಗೆ ಈ ಮಾತು ನಿಜ, ಯುರೋಪಿಗೆ ಹೋದಾಗ ಅವು ಅಲ್ಲಿನ ದೀರ್ಘ ಹಗಲಿನಲ್ಲಿ ಪರದಾಡಿದ್ದೂ ಅದಕ್ಕೇ. ಕೊಡಗು ಭೂಮಧ್ಯರೇಖೆಯಿಂದ ಸುಮಾರು 12 ಡಿಗ್ರಿ ಉತ್ತರಕ್ಕಿದೆ. ಜೂನಿನ ಅತಿ ದೀರ್ಘ ಹಗಲೂ ಇಲ್ಲಿ 13 ಗಂಟೆ ಮುಟ್ಟುವುದಿಲ್ಲ. 1968ರಲ್ಲಿ ಬಿಡುಗಡೆಯಾಗಿ ಇಂದಿಗೂ ಹಾಸನದ ಹೊಲಗಳಲ್ಲಿ ಉಳಿದುಕೊಂಡಿರುವ ಕುಫ್ರಿ ಜ್ಯೋತಿ ತಳಿಗೆ ಇಷ್ಟು ಹಗಲು ಅಡ್ಡಿಯಲ್ಲ. ಈ ಕಾರಣವನ್ನು ಪಟ್ಟಿಯಿಂದ ಹೊಡೆದುಹಾಕಬಹುದು.

ಕೊನೆಯದಾಗಿ, ಸಿಂಪಡಿಸಿದ್ದರ ಲೇಬಲ್ ಓದಬೇಕು. ಕೆಲವು ವರ್ಷಗಳ ಹಿಂದೆ ಬೇರೊಂದು ಬೆಳೆಗೆ ತಂದು ಉಳಿದಿದ್ದ ‘ಟಾನಿಕ್’ ಒಂದನ್ನು, ಹಾಳಾಗಬಾರದೆಂಬ ಆಸೆಗೆ, ಮನೆಯ ಹಿಂದಿನ ಆರು ಸಾಲು ಆಲೂಗೆಡ್ಡೆಗೆ ಹೊಡೆದೆ. ವಾರ ಕಳೆಯುವುದರೊಳಗೆ ಆ ಆರು ಸಾಲು ಮಾತ್ರ ಬಿಳಚಿಕೊಂಡು ಮೇಲೆದ್ದವು. ಬಗೆದಾಗ ಪಕ್ಕದ ಸಾಲಿನಲ್ಲಿ ನಿಂಬೆಗಾತ್ರದ ಗೆಡ್ಡೆಗಳಿದ್ದರೆ, ಇಲ್ಲಿ ಗೇಣುದ್ದದ ಬಿಳಿ ಕುಡಿಗಳು ಮಾತ್ರ ಇದ್ದವು. ಬಾಟಲಿಯ ಹಿಂಬದಿಯಲ್ಲಿ, ಇರುವೆಯಂಥ ಅಕ್ಷರಗಳಲ್ಲಿ, ಜಿಬ್ಬರೆಲಿಕ್ ಆಮ್ಲ ಎಂದು ಬರೆದಿತ್ತು. ಕೊಟ್ಟ ಅಂಗಡಿಯವರದ್ದೇನೂ ತಪ್ಪಿರಲಿಲ್ಲ, ಓದದೆ ಹೊಡೆದವನು ನಾನು. ಇಂಥ ಗಿಡಗಳಿಗೆ ಪ್ರತಿಮದ್ದು ಹುಡುಕುವ ಬದಲು ಸಿಂಪಡಣೆ ನಿಲ್ಲಿಸಿ ಬಿಡುವುದು ಲೇಸು. ನನ್ನ ಸಾಲುಗಳು ತಡವಾಗಿಯಾದರೂ ಸಣ್ಣ ಗೆಡ್ಡೆ ಕೊಟ್ಟವು.

ಜಿಬ್ಬರೆಲಿನ್ ತಯಾರಿಕೆಯನ್ನೇ ತಡೆಯುವ ಪ್ಯಾಕ್ಲೊಬ್ಯೂಟ್ರಜೋಲ್ ಹಾಕಿದರೆ ಹೇಗೆ ಎಂದು ಕೇಳುವವರೂ ಉಂಟು. ಮಾವಿನ ಮರಕ್ಕೆ ಬಳಸುವ ಆ ವಸ್ತು ಗಿಡವನ್ನು ಗಿಡ್ಡವಾಗಿಸುವುದು ನಿಜ. ಆದರೆ ಅದು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ, ಅದೇ ನೆಲಕ್ಕೆ ಬರುವ ಮುಂದಿನ ಬೆಳೆಯನ್ನೂ ಕುಗ್ಗಿಸಬಲ್ಲದು. ತಜ್ಞರ ಲಿಖಿತ ಸಲಹೆಯಿಲ್ಲದೆ ಅದನ್ನು ಮುಟ್ಟಬಾರದೆಂಬುದು ನನ್ನ ಅಭಿಪ್ರಾಯ.

ಲಕ್ಷಣ: ಸಾಲಿನ ಮಗ್ಗುಲಲ್ಲಿ ಹೊಸ ಚಿಗುರು ಏಳುತ್ತಿದೆ

ಬುಡದಿಂದ ದೂರದಲ್ಲಿ ಒಂಟಿ ಚಿಗುರು ಮಣ್ಣು ಸೀಳಿ ಬಂದಿದ್ದರೆ ಅದನ್ನು ಹಿಡಿದು ಹಿಂದಕ್ಕೆ ಬಗೆಯಬೇಕು. ಅದು ತಾಯಿಗಿಡದ ಸ್ಟೋಲನ್ನಿಗೇ ಹೋಗಿ ಸೇರಿದರೆ, ಗೆಡ್ಡೆಯಾಗಬೇಕಿದ್ದ ಕುಡಿ ಬೆಳಕು ಕಂಡು ಎಲೆಕಾಂಡವಾಗಿದೆ ಎಂದರ್ಥ. ಮಳೆ ಬೋದನ್ನು ಕೊಚ್ಚಿದಾಗ ಹೀಗಾಗುವುದುಂಟು. ಮಣ್ಣು ಏರಿಸಿದರೆ ಉಳಿದ ಕುಡಿಗಳು ಕತ್ತಲೆಯಲ್ಲಿ ಉಳಿಯುತ್ತವೆ.

ಲಕ್ಷಣ: ಗೆಡ್ಡೆಗೆ ಗಂಟು, ಗೆಡ್ಡೆಯ ತುದಿಗೆ ಇನ್ನೊಂದು ಗೆಡ್ಡೆ

ಶುಂಠಿಯಂತೆ ಕವಲೊಡೆದ ಆಲೂಗೆಡ್ಡೆ, ಅಥವಾ ಒಂದರ ತುದಿಯಿಂದ ಕುಡಿ ಹೊರಟು ಸರಪಳಿಯಂತೆ ಇನ್ನೊಂದು ಕಟ್ಟಿದ ಗೆಡ್ಡೆ, ನಡುವೆ ಒಮ್ಮೆ ಬೆಳವಣಿಗೆ ನಿಂತು ಮತ್ತೆ ಆರಂಭವಾದದ್ದರ ದಾಖಲೆ. ರೋಹಿಣಿ ಮಳೆಗೆ ಚೆನ್ನಾಗಿ ಎದ್ದ ಗಿಡ, ಮೃಗಶಿರಾದಲ್ಲಿ ಮಳೆ ಕೈಕೊಟ್ಟು ಮಣ್ಣು ಬಿಸಿಯಾದಾಗ ಗೆಡ್ಡೆಯ ಬೆಳವಣಿಗೆಯನ್ನು ತಡೆಯುತ್ತದೆ. ಆರಿದ್ರಾ ಮಳೆ ಒಮ್ಮೆಲೇ ಸುರಿದಾಗ ಗೆಡ್ಡೆಯ ಕಣ್ಣುಗಳಲ್ಲಿ ಜಿಬ್ಬರೆಲಿನ್ ಮತ್ತೆ ಏರಿ, ಗೆಡ್ಡೆ ತಾನು ಕಾಂಡವೆಂಬುದನ್ನು ನೆನಪಿಸಿಕೊಳ್ಳುತ್ತದೆ. ತಡವಾಗಿ ಎರಚಿದ ಯೂರಿಯಾದಿಂದಲೂ ಇದೇ ಆಗುತ್ತದೆ. ಮೇಲೆ ಹೇಳಿದ ಪೋಷಕ ದ್ರಾವಣದ ಪ್ರಯೋಗದಲ್ಲಿಯೂ ನೈಟ್ರೇಟನ್ನು ನಿಲ್ಲಿಸಿ ಮತ್ತೆ ಕೊಟ್ಟಾಗ ಗೆಡ್ಡೆಯ ತುದಿಯಿಂದ ಹೊಸ ಕುಡಿ ಹೊರಟು ಸರಪಳಿ ಗೆಡ್ಡೆಗಳಾದವು.

ಇಂಥ ಗೆಡ್ಡೆಯನ್ನು ಉದ್ದಕ್ಕೆ ಸೀಳಿ ನೋಡಬೇಕು. ಮೊದಲು ಕಟ್ಟಿದ ಭಾಗ ಗಾಜಿನಂತೆ ಅರೆಪಾರದರ್ಶಕವಾಗಿ, ನೀರುನೀರಾಗಿ ಕಂಡರೆ ಅದರಲ್ಲಿದ್ದ ಪಿಷ್ಟವನ್ನು ಹೊಸ ಗಂಟು ಎಳೆದುಕೊಂಡಿದೆ. ಕರಿದರೆ ಆ ತುದಿ ಕಪ್ಪಾಗುತ್ತದೆ, ದಾಸ್ತಾನಿನಲ್ಲಿ ಮೊದಲು ಕೊಳೆಯುವುದೂ ಅದೇ. ಆದ ಗೆಡ್ಡೆಯನ್ನು ತಿದ್ದಲಾಗದು. ಬೇರ್ಪಡಿಸಿ ಬೇಗ ಬಳಸಬೇಕು, ಬಿತ್ತನೆಗೆ ಎತ್ತಿಡಬಾರದು. ಮುಂದಿನ ಸಲ ಗೆಡ್ಡೆ ಹಿಡಿದ ಮೇಲೆ ಮಣ್ಣಿನ ತೇವ ಒಂದೇ ಹದದಲ್ಲಿರುವಂತೆ, ನೀರಿನ ಅನುಕೂಲವಿದ್ದರೆ ಒಣ ವಾರದಲ್ಲಿ ಒಂದು ಹಾಯಿ ಕೊಟ್ಟು, ನೋಡಿಕೊಳ್ಳಬಹುದು.

ಲಕ್ಷಣ: ಬಿತ್ತನೆ ಗೆಡ್ಡೆ ಮೊಳೆಯದು, ಅಥವಾ ಒಂದೇ ಮೊಳಕೆ, ಅಥವಾ ವಿಪರೀತ ಮೊಳಕೆ

ಹೊಸದಾಗಿ ಕಿತ್ತ ಗೆಡ್ಡೆಯಲ್ಲಿ ಅಬ್ಸಿಸಿಕ್ ಆಮ್ಲ ಹೆಚ್ಚಿದ್ದು, ಅದು ಸುಮಾರು 2ರಿಂದ 3 ತಿಂಗಳು ಮಲಗಿರುತ್ತದೆ. ಆದ್ದರಿಂದ ಮೊದಲ ಪ್ರಶ್ನೆ, ಕಿತ್ತು ಎಷ್ಟು ದಿನವಾಯಿತು ಎಂಬುದು. ಅವಧಿ ಮುಗಿದೂ ಕಣ್ಣು ಅಲುಗದಿದ್ದರೆ ಗೆಡ್ಡೆ ಎಲ್ಲಿಂದ ಬಂತೆಂದು ವಿಚಾರಿಸಬೇಕು. ಊಟಕ್ಕೆಂದು ಶೀತಲಗೃಹದಲ್ಲಿಟ್ಟ ಗೆಡ್ಡೆಗೆ ಮೊಳಕೆ ತಡೆಯುವ ಕ್ಲೋರ್‌ಪ್ರೊಫಾಮ್ ಹೊಗೆ ಕೊಟ್ಟಿರಬಹುದು. ಅಂಥದ್ದು ಬಿತ್ತನೆಗೆ ಬಾರದು, ಯಾವ ಹಾರ್ಮೋನಿನಲ್ಲಿ ಅದ್ದಿದರೂ ಹಣ ದಂಡ.

ತುದಿಯಲ್ಲಿ ಒಂದೇ ಮೊಳಕೆ ಬಂದು ಉಳಿದ ಕಣ್ಣುಗಳು ಸುಮ್ಮನಿದ್ದರೆ ಅದು ಎಳೆಯ ವಯಸ್ಸಿನ ಗೆಡ್ಡೆ. ತುದಿಮೊಳಕೆಯಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನು ಇತರ ಕಣ್ಣುಗಳನ್ನು ಅದುಮಿಟ್ಟಿದೆ. ಆ ಒಂದನ್ನು ಮುರಿದು, ನೇರ ಬಿಸಿಲು ಬೀಳದ ಜಗಲಿಯಲ್ಲಿ ಒಂದೇ ಪದರವಾಗಿ ಹರಡಿದರೆ ಉಳಿದವು ಎಚ್ಚರಗೊಂಡು, ಗಿಡ್ಡನೆಯ ಹಸಿರು ಮೊಳಕೆ ಬರುತ್ತದೆ. ಇದಕ್ಕೆ ವಿರುದ್ಧವಾಗಿ ಪ್ರತಿ ಕಣ್ಣೂ ಒಡೆದು, ಗೆಡ್ಡೆ ಸುಕ್ಕಾಗಿದ್ದರೆ ಅದು ವಯಸ್ಸಾದ ಬಿತ್ತನೆ. ಅದರಿಂದ ಬುಡಕ್ಕೆ ಹಲವು ಕಾಂಡ, ಕಾಂಡಕ್ಕೆ ಹಲವು ಗೆಡ್ಡೆ, ಆದರೆ ಎಲ್ಲವೂ ಗೋಲಿಯಷ್ಟು. ‘ಗೆಡ್ಡೆ ಬೇಕಾದಷ್ಟಿದೆ, ಗಾತ್ರವೇ ಇಲ್ಲ’ ಎಂಬ ದೂರಿನ ಹಿಂದೆ ಇದು ಇರುವುದುಂಟು. ಮೊಳಕೆ ಕೂದಲೆಳೆಯಂತೆ ತೆಳ್ಳಗಿದ್ದರೆ ಮಾತ್ರ ಯೋಚಿಸದೆ ಬಿಸಾಡಬೇಕು, ಒಳಗೆ ವೈರಸ್ ಅಥವಾ ಅಂಥದೇ ರೋಗ ಇರುವ ಶಂಕೆಯಿದೆ. ಹೂಕೋಸಿನಂತೆ ಗುಂಪುಗುಂಪಾಗಿ ಒಡೆದ ಮೊಳಕೆ, ಆ ಗೆಡ್ಡೆಯ ತಾಯಿಗಿಡಕ್ಕೆ ಗ್ಲೈಫೊಸೇಟ್ ಕಳೆನಾಶಕ ತಾಗಿತ್ತೆಂಬುದರ ಗುರುತಾಗಿರಬಹುದು. ಅದನ್ನೂ ಊರಬಾರದು.

ಲಕ್ಷಣ: ಎಲೆಯ ಕಂಕುಳಲ್ಲಿ ಹಸಿರು ಗೆಡ್ಡೆ

ನೆಲದ ಮೇಲೆ, ಎಲೆತೊಟ್ಟಿನ ಸಂದಿಯಲ್ಲಿ ಗೋಲಿಯಂಥ ಗೆಡ್ಡೆ ಕಂಡವರು ಅಚ್ಚರಿಪಡುತ್ತಾರೆ. ಗೆಡ್ಡೆ ಕಟ್ಟುವ ಸುದ್ದಿಯೂ ಸಕ್ಕರೆಯೂ ಹೊರಟಿವೆ, ಕೆಳಗಿಳಿಯುವ ದಾರಿ ಮಾತ್ರ ಮುಚ್ಚಿದೆ. ಹಾಗಾಗಿ ಮೇಲಿನ ಮೊಗ್ಗುಗಳೇ ಸ್ಟೋಲನ್ನಿನ ಕೆಲಸ ಮಾಡುತ್ತಿವೆ. ಕಾಂಡದ ಬುಡವನ್ನು ಉಗುರಿನಿಂದ ಕೆರೆದು ನೋಡಬೇಕು. ಕಂದುಬಣ್ಣದ ತಗ್ಗು ಗಾಯವಿದ್ದರೆ ರೈಜೋಕ್ಟೋನಿಯ ಶಿಲೀಂಧ್ರ, ಕಪ್ಪಾಗಿ ಲೋಳೆಯಾಗಿದ್ದರೆ ಬ್ಯಾಕ್ಟೀರಿಯಾ ಕೊಳೆ, ಗಾಯ ಒಣಗಿದ್ದರೆ ಕಳೆ ಕೀಳುವಾಗ ತಗಲಿದ ಗುದ್ದಲಿಯ ಪೆಟ್ಟು. ಗಾಳಿಯಲ್ಲಿ ಕಟ್ಟಿದ ಈ ಗೆಡ್ಡೆಗಳನ್ನು ತಿನ್ನಬಾರದು.

ಲಕ್ಷಣ: ಎಲೆ ತಿರುಚಿ, ತೊಟ್ಟು ಕೊಕ್ಕೆಯಾಗಿದೆ

ಪಕ್ಕದ ಗದ್ದೆ ಅಥವಾ ತೋಟದಲ್ಲಿ ಇತ್ತೀಚೆಗೆ ಕಳೆನಾಶಕ ಹೊಡೆದರೇ ಎಂದು ಕೇಳಬೇಕು. 2,4-ಡಿ ಎಂಬುದು ಆಕ್ಸಿನ್ನನ್ನೇ ಅನುಕರಿಸುವ ವಿಷ. ಗಾಳಿಯಲ್ಲಿ ತೇಲಿಬಂದ ತುಂತುರೂ ಆಲೂಗೆಡ್ಡೆಯ ಎಲೆಯನ್ನು ತಿರುಚಿ, ಗೆಡ್ಡೆಯನ್ನು ವಿಕಾರಗೊಳಿಸಬಲ್ಲದು. ಗಾಳಿ ಬೀಸಿಬಂದ ದಿಕ್ಕಿನ ಅಂಚಿನಲ್ಲಿ ಹಾನಿ ಹೆಚ್ಚಿದ್ದು ಒಳಕ್ಕೆ ಹೋದಂತೆ ಕಡಿಮೆಯಾದರೆ ಶಂಕೆ ಗಟ್ಟಿ. ಹೊಲದ ತುಂಬ ಅಲ್ಲಲ್ಲಿ ಒಂಟಿ ಗಿಡಗಳಿಗೆ ಮಾತ್ರ ಹೀಗಾಗಿದ್ದರೆ ವೈರಸ್ ಎಂದುಕೊಂಡು ಅವುಗಳನ್ನು ಕೀಳಬೇಕು. ಕಳೆನಾಶಕಕ್ಕೆ ಬಳಸಿದ ಪಂಪನ್ನು ಎಷ್ಟು ತೊಳೆದರೂ ಆಲೂಗೆಡ್ಡೆಗೆ ಬಳಸದಿರುವುದೇ ಕ್ಷೇಮ.

ಎಲ್ಲಿ ನಿಲ್ಲಿಸಬೇಕು

ಎಲೆಯ ಮೇಲೆ ನೀರಿನಲ್ಲಿ ನೆನೆದಂಥ ಕಪ್ಪು ಮಚ್ಚೆ, ಬೆಳಗಿನ ಮಂಜಿನಲ್ಲಿ ಎಲೆಯಡಿಯಲ್ಲಿ ಬಿಳಿಯ ಬೂಜು ಕಂಡರೆ ಅದು ಅಂಗಮಾರಿ ರೋಗ. ಹಾರ್ಮೋನಿನ ವಿಚಾರವನ್ನು ಅಲ್ಲಿಗೇ ಬಿಟ್ಟು, ಅದೇ ದಿನ ಸಲಹೆ ಪಡೆಯಬೇಕು. ಕೊಡಗಿನ ಮಳೆಯಲ್ಲಿ ಅದು ವಾರದೊಳಗೆ ಹೊಲವನ್ನು ಸುಡಬಲ್ಲದು.

ಹಸಿರಾಗಿಯೇ ಇದ್ದ ಗಿಡ ಹಗಲಿನಲ್ಲಿ ಇದ್ದಕ್ಕಿದ್ದಂತೆ ಸೊರಗಿದರೆ, ಬುಡದ ಕಾಂಡದ ತುಂಡೊಂದನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಕದಲದಂತೆ ಇಳಿಬಿಟ್ಟು ಕೆಲವು ನಿಮಿಷ ಕಾಯಬೇಕು. ಕತ್ತರಿಸಿದ ಬಾಯಿಯಿಂದ ಹಾಲಿನಂಥ ಬಿಳಿ ಎಳೆ ನೀರಿನಲ್ಲಿ ನೇರ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾ ಸೊರಗು ರೋಗ. ಅಲ್ಲಿಂದ ಮುಂದೆ ಸ್ವಂತ ಪ್ರಯೋಗ ಬೇಡ. ಆ ಹೊಲದ ನೀರು ಟೊಮೆಟೊ, ಬದನೆ, ಮೆಣಸಿನಕಾಯಿ, ಶುಂಠಿಯ ಮಡಿಗಳಿಗೆ ಹರಿಯದಂತೆ ತಡೆದು, ಗುದ್ದಲಿ ಮತ್ತು ಕಾಲು ತೊಳೆದೇ ಹೊರಬರಬೇಕು.

ರಾಸಾಯನಿಕದಲ್ಲಿ ಅದ್ದಿದ ಬಿತ್ತನೆ ಗೆಡ್ಡೆ ಮಿಕ್ಕರೆ ಅಡುಗೆಗೆ ತರಬಾರದು, ಹಂದಿಗೂ ಹಾಕಬಾರದು. ಹಸಿರಾದ ಗೆಡ್ಡೆ, ಮೊಳಕೆ, ಸೊಪ್ಪು ಇವುಗಳಲ್ಲಿರುವ ಸೊಲನಿನ್ ಬೇಯಿಸಿದರೂ ಹೋಗುವುದಿಲ್ಲವಾದ್ದರಿಂದ ಅವು ದನಕ್ಕೂ ಬೇಡ. ಯಾವುದೇ ಸಿಂಪಡಣೆಗೆ ಕೈಗವಸು, ಮುಖಗವಸು ಇರಲಿ. ಎರಡು ಬಾಟಲಿಗಳ ದ್ರಾವಣವನ್ನು ಅಂದಾಜಿನಲ್ಲಿ ಬೆರೆಸುವುದು ಬೇಡ.

ಗೊಬ್ಬರ ನಿಲ್ಲಿಸಿ, ಶಾಖ ಮತ್ತು ನೆರಳು ಪರೀಕ್ಷಿಸಿ, 60 ದಿನ ದಾಟಿದರೂ ಕುಡಿಯ ತುದಿ ಉಬ್ಬದಿದ್ದರೆ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನಾಗಲಿ ಕಾಣಬೇಕು. ಒಂದು ಎಲೆ ಕಿತ್ತುಕೊಂಡು ಹೋದರೆ ಅವರೇನೂ ಹೇಳಲಾರರು. ದೋಷವಿರುವ ಒಂದು ಗಿಡ, ಚೆನ್ನಾಗಿರುವ ಒಂದು ಗಿಡ, ಎರಡನ್ನೂ ಬುಡದ ಮಣ್ಣಿನ ಸಮೇತ ಎತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಕೊಳೆಯದಂತೆ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಬೆಳಗ್ಗೆಯೇ ತಲುಪಿಸಬೇಕು. ಜೊತೆಗೆ ಬಿತ್ತನೆ ಕೊಂಡ ರಸೀದಿ, ಊರಿದ ತಾರೀಖು, ಗೊಬ್ಬರದ ಪ್ರಮಾಣ, ವಾರದ ಉಷ್ಣತೆ ಬರೆದ ಚೀಟಿ, ಸಿಂಪಡಿಸಿದ ಪ್ರತಿಯೊಂದು ಬಾಟಲಿಯ ಲೇಬಲ್ಲಿನ ಫೋಟೊ ಇರಬೇಕು. ಫೋಟೊ ತೆಗೆಯುವಾಗ ಬಾಟಲಿಯ ಮುಂಬದಿಗಿಂತ ಹಿಂಬದಿ ಮುಖ್ಯ.